ಬೀಗರನ್ನು ರೇಗಿಸದ ತಪ್ಪಿಗೆ

ಚಾಮರಾಜನಗರ ಜಿಲ್ಲೆಯಾದದ್ದರಿಂದ ಯಾರಿಗೆ ಏನು ಅನುಕೂಲವಾಯಿತೋ ದೇವರೇ ಬಲ್ಲ. ಶಂಭುಲಿಂಗಪ್ಪನವರ ಮನೆಯಲ್ಲಿ ಮಾತ್ರ ನಗು ನಿಂತುಹೋಯಿತು. ಇದಕ್ಕೆ ಸರ್ಕಾರವನ್ನು ದೂರಿ ಫಲವಿಲ್ಲ. ಜಿಲ್ಲೆ ಮಾಡಿದವರು ಇನ್ನು ಮುಂದೆ ಯಾರೂ ನಗಕೂಡದು ಅಂತ ಆಜ್ಞೆ ಹೊರಡಿಸಿರಲಿಲ್ಲ. ಅದನ್ನು ಹೊರಡಿಸಿದವರು ಸಾಕ್ಷಾತ್ ಶಂಭುಲಿಂಗಪ್ಪನವರೇ.

ಅಲ್ಲಿಯವರೆಗೆ ಅವರು ತಾಲ್ಲೂಕು ಮಟ್ಟದ ಒಂದು ಕಛೇರಿಯಲ್ಲಿ ಗುಮಾಸ್ತರಾಗಿದ್ದರು. ಊರು ಜಿಲ್ಲಾ ಕೇಂದ್ರವಾದ ಮರುವರ್ಷ ಸೂಪರಿಂಟೆಂಡೆಂಟ್ ಹುದ್ದೆ ಬಂತು. ಹುದ್ದೆಯ ಜೊತೆಗೆ ತಿರುಗುವ ಕುರ್ಚಿ ಬಂತು. ಕುರ್ಚಿಯ ಜೊತೆಗೆ ಗಾಂಭೀರ್ಯವೂ ಬರಬೇಕಲ್ಲ, ಅದು ಬಂದ ದಿನವೇ ಅನಾಹುತ ಶುರುವಾಯಿತು.

ನಮ್ಮ ಸೀಮೆಯಲ್ಲಿ ರೇಗಿಸುವುದಕ್ಕೂ ಒಂದು ಕಟ್ಟುಕಟ್ಟಳೆ ಇದೆ. ಮಾವ ಸೊಸೆಯನ್ನು ರೇಗಿಸುವಂತಿಲ್ಲ, ಅಳಿಯ ಅತ್ತೆಯನ್ನು ರೇಗಿಸುವಂತಿಲ್ಲ. ಮೈದುನ ಭಾವನನ್ನು ರೇಗಿಸದೆ ಸುಮ್ಮನಿದ್ದರೆ ಎರಡು ಮನೆಗೂ ಏನೋ ಕಿತ್ತಾಟವಾಗಿದೆ ಅಂತ ಊರು ಪಿಸುಗುಟ್ಟುತ್ತದೆ. ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ‘ನನ್ನ ಗಂಡ’ ಅಂದರೆ ಅಜ್ಜ ಸಹ ಬೇಜಾರು ಮಾಡಿಕೊಳ್ಳುವುದಿಲ್ಲ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕಾಲೇಜು ಹುಡುಗಿಯರನ್ನು ಚುಡಾಯಿಸುತ್ತಾನಲ್ಲ, ಅವನಿಗೆ ಮಾತ್ರ ಈ ಕಟ್ಟಳೆಯಲ್ಲಿ ಜಾಗವಿಲ್ಲ. ಅವನು ಆ ಹುಡುಗಿಯರಿಗೆ ಏನೂ ಆಗಬೇಕಾದವನಲ್ಲ, ಅವನನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಇನ್ನು ಬೀಗರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಊಟದ ಪಂಕ್ತಿಯಲ್ಲಿ ಕೂರಿಸಿ, ಹಾಡು ಕಟ್ಟಿ, ಮಾನ ಹರಾಜು ಹಾಕಬೇಕು. ಗಂಡಿನ ಕಡೆಯವರು ತಿರುಗಿಸಿ ಹಾಡಬೇಕು. ಸಿಟ್ಟು ಮಾಡಿಕೊಂಡವನು ಸೋತ. ಇದೆಲ್ಲ ಶಂಭುಲಿಂಗಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ತಿರುಗುವ ಕುರ್ಚಿ ಮನುಷ್ಯನ ತಲೆಯನ್ನೂ ಒಂದಿಷ್ಟು ತಿರುಗಿಸುತ್ತದೆ.

ಬಡ್ತಿಯಾದ ದಿನ ಕಛೇರಿಯಲ್ಲಿ ಸಣ್ಣ ಸನ್ಮಾನವಿತ್ತು. ಹರದನಹಳ್ಳಿಯಿಂದ ಹೆಂಡತಿಯ ತಮ್ಮ ಗುರುಮಲ್ಲಯ್ಯ ಬಂದಿದ್ದ. ಬೇಸಾಯಗಾರ, ಬಾಯಿ ಅಂದರೆ ಬಾಯಿ. ಹೊಸದಾಗಿ ಬಂದಿದ್ದ ಜಿಲ್ಲಾ ಸಾಹೇಬರು ಸೌಜನ್ಯಕ್ಕೆ, “ನಿಮ್ಮ ಭಾವ ಕಛೇರಿಗೆ ಯಾವುದರಲ್ಲಿ ಬರ್ತಾರೆ?” ಅಂತ ಕೇಳಿಬಿಟ್ಟರು.

“ಮೊಪೆಡ್ ಐತೆ ಸಾರ್,” ಅಂದ ಗುರುಮಲ್ಲಯ್ಯ. “ಆದ್ರೆ ನಮ್ ಬಾವ ಅದ್ರ ಮ್ಯಾಲೆ ಬರದಕ್ಕಿಂತ ಅದ್ರ ಜೊತ್ಗೆ ನಡ್ಕಂಡ್ ಬರದೇ ಜಾಸ್ತಿ. ಪಾಪ, ಒಂಟಿಯಾಗಿ ಬಂದ್ರೆ ಅದ್ಕೆ ಬೇಜಾರಾಯ್ತದೆ ಅಂತ.”

ಸಾಹೇಬರು ನಕ್ಕರು. ಸಾಹೇಬರು ನಕ್ಕಿದ್ದರಿಂದ ಕಛೇರಿ ನಕ್ಕಿತು. ಜವಾನ ಸಿದ್ದಯ್ಯನಂತೂ ಕೈಲಿದ್ದ ಬೋಂಡದ ತಟ್ಟೆಯನ್ನು ಕೆಳಗಿಟ್ಟು ನಕ್ಕ.

ಆ ಸಾಯಂಕಾಲ ಶಂಭುಲಿಂಗಪ್ಪನವರು ಹಾಕಿದ್ದ ಹಾರ ತೆಗೆಯದೆ ನಡುಮನೆಯಲ್ಲಿ ನಿಂತು ಘೋಷಿಸಿದರು: “ಇನ್ನು ಮುಂದೆ ನನ್ನನ್ನು ಯಾರೂ ರೇಗಿಸತಕ್ಕದ್ದಲ್ಲ. ಗೇಲಿ, ತಮಾಷೆ, ಅಣಕ, ಕೀಟಲೆ ಇವು ಯಾವುವೂ ಈ ಮನೆಯಲ್ಲಿ ನಡೆಯಕೂಡದು. ಇದು ಈಗ ಜಿಲ್ಲಾ ಕೇಂದ್ರ.”

ಗುರುಮಲ್ಲಯ್ಯ ಇದೂ ತಮಾಷೆಯೇ ಅಂದುಕೊಂಡು ಗೊಳ್ಳೆಂದು ನಕ್ಕ. ಭಾವನ ಮುಖ ನೋಡಿದ. ನಗು ನುಂಗಿ ಚಪ್ಪಲಿ ಮೆಟ್ಟಿಕೊಂಡು, “ಆಯ್ತು ಬುಡಿ ಸಾರ್,” ಅಂದ. ಅವತ್ತಿನಿಂದ ಭಾವ ಅನ್ನುವುದು ಹೋಯಿತು, ಸಾರ್ ಅನ್ನುವುದು ಬಂತು.

ಸುದ್ದಿ ಬೀದಿಗೂ ಹೋಯಿತು. ದರ್ಜಿ ಮುನಾವರ್ ಹಳೆಯ ಸ್ನೇಹಿತ. ಪ್ಯಾಂಟಿನ ಅಳತೆ ತೆಗೆಯುವಾಗ ಶಂಭುಲಿಂಗಪ್ಪನವರ ಸೊಂಟದ ಸುತ್ತಳತೆಯನ್ನು ಎದುರುಗಡೆ ಹೋಟೆಲಿನವರಿಗೂ ಕೇಳುವಂತೆ ಕೂಗುವುದು ಅವನ ಪದ್ಧತಿ. ಈಗ ಟೇಪು ಸುತ್ತಿದ, ಸುಮ್ಮನೆ ಬಿಚ್ಚಿದ, ಸುಮ್ಮನೆ ಬರೆದುಕೊಂಡ. ಸೊಪ್ಪು ಮಾರುವ ಮೂಗಮ್ಮ ದಿನಾ ಬೆಳಿಗ್ಗೆ “ಬೋಳಪ್ಪ ಎದ್ದನೇನವ್ವಾ, ಬೀದಿಗೆಲ್ಲಾ ಬೆಳಕಾಗೈತಲ್ಲಾ?” ಅಂತ ಕೂಗುತ್ತಿದ್ದವಳು ಕಟ್ಟು ಇಟ್ಟು ಹೊರಟುಹೋಗುತ್ತಿದ್ದಳು. ಶಂಭುಲಿಂಗಪ್ಪನವರಿಗೆ ಪರಮ ತೃಪ್ತಿಯಾಯಿತು. ಊರು ತಮಗೆ ಮರ್ಯಾದೆ ಕೊಡುತ್ತಿದೆ ಅಂದುಕೊಂಡು ಹೆಂಡತಿಯ ಹತ್ತಿರ ಹೇಳಿಕೊಂಡರು. ಹೆಂಡತಿ ಶಾಂತಮಲ್ಲಮ್ಮ ಮುದ್ದೆ ಕಟ್ಟಿದರು.

ಹೀಗಿರುವಾಗ ಮಗಳು ನೀಲಾವತಿಗೆ ಗುಂಡ್ಲುಪೇಟೆಯಿಂದ ಸಂಬಂಧ ಬಂತು. ಹುಡುಗ ಶಂಕರ್, ಹರವೆಯ ಶಾಲೆಯಲ್ಲಿ ಮೇಷ್ಟ್ರು. ಅವನ ತಂದೆ ಕರಿಬಸವಯ್ಯನವರದು ಈರುಳ್ಳಿ ಮಂಡಿ. ಹುಡುಗ ಹುಡುಗಿ ನೋಡಿದರು, ಒಪ್ಪಿದರು. ನೀಲಾವತಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಹರವೆ ಬಸ್ಸು ಮನೆ ಮುಂದೆ ಹೋಗುವ ಹೊತ್ತಿಗೆ ಸರಿಯಾಗಿ ಅವಳಿಗೆ ರಂಗೋಲಿ ತಿದ್ದುವ ಕೆಲಸ ಬೀಳುತ್ತಿತ್ತು. ತಾಯಿಗೆ ಅಷ್ಟು ಸಾಕಾಯಿತು.

ವೀಳ್ಯಶಾಸ್ತ್ರಕ್ಕೆ ಬೀಗರು ಬರುವ ದಿನ ಗೊತ್ತಾಯಿತು. ಆ ದಿನವೇ ಮದುವೆಗೂ ದಿನ ಇಟ್ಟುಬಿಡುವುದು ಅಂತ ಮಾತು. ಹಿಂದಿನ ದಿನ ಶಂಭುಲಿಂಗಪ್ಪನವರು ಕಛೇರಿಯಿಂದ ಬಂದರೆ ಹಿತ್ತಲಲ್ಲಿ ಹೆಂಗಸರ ಗುಂಪು. ನಡುವೆ ಮೂಗಮ್ಮ ಕೂತು ಹಾಡು ಹೇಳಿಕೊಡುತ್ತಿದ್ದಾಳೆ:

ಗುಂಡ್ಲುಪೇಟೆಯ ಬೀಗ ಗುಂಡಗೆ ಬಂದಾನೆ
ಮೀಸೆಗೆ ಮಸಿಯ ಬಳಿದಾನೆ, ಮಳೆ ಬಂದು
ಗಲ್ಲಾವ ತೊಳೆದು ಇಳಿದಾದೋ

ಶಂಭುಲಿಂಗಪ್ಪನವರು ಹಿತ್ತಲ ಬಾಗಿಲಲ್ಲೇ ನಿಂತರು. ಕರಿಬಸವಯ್ಯನವರ ತಲೆ ಪೂರ್ತಿ ಬೆಳ್ಳಗಾಗಿ ಮೀಸೆ ಮಾತ್ರ ಕಾಡಿಗೆಗಪ್ಪಾಗಿರುವುದು ನಿಜ. ಆದರೆ ನಿಜವನ್ನು ಹಾಡುವುದೇ? ಅದೂ ಮಂಡಿ ಸಾಹುಕಾರರ ಎದುರಿಗೆ?

“ನಿಲ್ಲಿಸಿ! ನಾಳೆ ಒಂದು ಸಾಲು ಹಾಡು ಕೇಳಿಸಿದರೆ ನನಗೆ ಕೆಟ್ಟ ಕೋಪ ಬರುತ್ತೆ!”

“ಆಡ್ದೆ ಇದ್ರೆ ಬೀಗ್ರು ಉಣ್ಣದೆಂಗಪ್ಪಾ?” ಅಂದಳು ಮೂಗಮ್ಮ, ನಿಜವಾಗಿಯೂ ಗಾಬರಿಯಾಗಿ.

“ಕೈಯಿಂದ ಉಣ್ಣುತ್ತಾರೆ,” ಅಂದರು ಶಂಭುಲಿಂಗಪ್ಪನವರು.

ಮರುದಿನ ಬೀಗರು ಟೆಂಪೋದಲ್ಲಿ ಬಂದಿಳಿದರು. ಬೀಗಿತಿ ಮಲ್ಲಾಜಮ್ಮ ಹಾಡುಗಾರಿಕೆಯಲ್ಲಿ ಕೈ ಪಳಗಿದ ಇಬ್ಬರು ಮುದುಕಿಯರನ್ನು ಕರೆತಂದಿದ್ದರು. ತೆರಕಣಾಂಬಿ ದಾಟಿದಾಗಿನಿಂದ ಅವರು ಮೆಣಸು ಅಗಿಯುತ್ತಾ ಗಂಟಲು ಸರಿಮಾಡಿಕೊಂಡು ಬಂದಿದ್ದರು. ಅಂದರೆ ಯುದ್ಧಕ್ಕೆ ಪೂರ್ತಿ ಸಿದ್ಧರಾಗಿ ಬಂದವರು.

ಯುದ್ಧಭೂಮಿಯಲ್ಲಿ ಅವರಿಗೆ ಸಿಕ್ಕಿದ್ದು ಮೈಕು. ಶಂಭುಲಿಂಗಪ್ಪನವರು ಸ್ವಾಗತ ಭಾಷಣ ಓದಿದರು. ‘ಗೌರವಾನ್ವಿತ ಬೀಗರೇ’ ಅಂತ ಶುರುಮಾಡಿ ನೂತನ ಜಿಲ್ಲೆಯ ಅಭಿವೃದ್ಧಿಯನ್ನು ಹಾದು ವೀಳ್ಯಶಾಸ್ತ್ರಕ್ಕೆ ಬರುವಷ್ಟರಲ್ಲಿ ಹಸಿದ ಮಗುವೊಂದು ಅತ್ತಿತು. ಶಾಸ್ತ್ರ ಮುಗಿದು ಪಂಕ್ತಿ ಹಾಕಿದಾಗ, “ಎಲ್ಲರೂ ಶಾಂತಚಿತ್ತರಾಗಿ ಭೋಜನ ಸ್ವೀಕರಿಸಬೇಕಾಗಿ ವಿನಂತಿ” ಅಂತ ಪ್ರಕಟಿಸಿದರು.

ಬೀಗರು ಉಣ್ಣುತ್ತಾ ಕಾದರು. ಈಗ ಹಾಡುತ್ತಾರೆ, ಪಾಯಸಕ್ಕೆ ಹಾಡುತ್ತಾರೆ, ಅನ್ನಕ್ಕೆ ಹಾಡುತ್ತಾರೆ. ಉಹೂಂ. ಬಡಿಸುವವರ ಕಾಲ ಸಪ್ಪಳ ಬಿಟ್ಟು ಬೇರೆ ಸದ್ದಿಲ್ಲ. ಕೊನೆಗೆ ಕರಿಬಸವಯ್ಯನವರೇ ಮೀಸೆ ತೀಡಿಕೊಂಡು, ಹೆಣ್ಣಿನ ಕಡೆಯವರಿಗೆ ಪಾಪ ಎಳೆ ಸಿಕ್ಕಿಲ್ಲವೇನೋ ಅಂತ ತಾವೇ ಒಂದು ಎಳೆ ಕೊಟ್ಟರು:

“ಏನ್ರಪ್ಪಾ, ಜಿಲ್ಲೆ ಆದ್ಮೇಲೆ ಈ ಊರಿಗೆ ಉಪ್ಪು ಬರದು ನಿಂತೋಯ್ತಾ?”

ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು. ‘ಉಪ್ಪು ಐತೆ ಬೀಗ್ರೇ, ನಿಮ್ ನಾಲ್ಗೆನೇ ಸಂತೇಲಿ ಬುಟ್ಬಂದಿದೀರಿ’ ಅಂತ ಯಾರಾದರೂ ಒಬ್ಬರು ಅಂದಿದ್ದರೆ ಸಾಕಿತ್ತು, ಪಂಕ್ತಿ ಎದ್ದು ಕುಣಿಯುತ್ತಿತ್ತು. ಮೂಗಮ್ಮನ ತುಟಿ ಅದುರಿತು. ಶಂಭುಲಿಂಗಪ್ಪನವರು ಅವಳನ್ನು ದುರುಗುಟ್ಟಿ ನೋಡಿ, ಬೀಗರ ಮುಂದೆ ಕೈಮುಗಿದು, “ಕ್ಷಮಿಸಬೇಕು, ಈ ಕೂಡಲೇ ಸರಿಪಡಿಸಲಾಗುವುದು” ಅಂದು ಅಡುಗೆಯವನನ್ನು ಎಲ್ಲರೆದುರು ಗದರಿ, ಉಪ್ಪಿನ ಬಟ್ಟಲನ್ನು ತಾವೇ ಹಿಡಿದು ಸಾಲಿನುದ್ದಕ್ಕೂ ಬಡಿಸಿದರು.

ಮಲ್ಲಾಜಮ್ಮನವರು ಇನ್ನೊಂದು ಕೈ ನೋಡೋಣ ಅಂದುಕೊಂಡು, “ಉಡ್ಗಿ ವಸಿ ಕುಳ್ಳಿ ಆದ್ಲು ಕಣ್ರವ್ವಾ, ನಮ್ಮಟ್ಟೀಲಿ ಅಟ್ಟದ ಮೇಲಿನ ಡಬ್ಬ ಎಟುಕ್ಸಾಕೆ ಏಣಿ ಮಾಡಿಸ್ಬೇಕಾಯ್ತದೆ” ಅಂದರು.

“ಇಲ್ಲ ತಾಯಿ, ಐದು ಅಡಿ ಎರಡು ಅಂಗುಲ. ಕಾಲೇಜಿನಲ್ಲಿ ಅಳೆದಿದ್ದಾರೆ,” ಅಂದರು ಶಂಭುಲಿಂಗಪ್ಪನವರು, ಬಹಳ ವಿನಯದಿಂದ.

ಮಲ್ಲಾಜಮ್ಮ ಗಂಡನ ಮುಖ ನೋಡಿದರು. ಗಂಡ ಎಲೆ ಮಡಚಿ ಎದ್ದರು. ಮೆಣಸು ಅಗಿದ ಮುದುಕಿಯರು ಗಂಟಲಲ್ಲೇ ಹಾಡು ಇಟ್ಟುಕೊಂಡು ಟೆಂಪೋ ಹತ್ತಿದರು. ಮದುವೆಯ ದಿನದ ಮಾತೆತ್ತಿದಾಗ ಕರಿಬಸವಯ್ಯನವರು, “ನೋಡನ, ಹೇಳಿ ಕಳಿಸ್ತೀವಿ” ಅಂದರು. ಶಂಭುಲಿಂಗಪ್ಪನವರು ಟೆಂಪೋ ಮರೆಯಾಗುವವರೆಗೂ ಕೈಮುಗಿದು ನಿಂತಿದ್ದು ಒಳಬಂದು, “ಎಷ್ಟು ಶಿಸ್ತಾಗಿ ನಡೀತು, ನೋಡಿದಿರಾ?” ಅಂದರು.

ಗುಂಡ್ಲುಪೇಟೆಯಿಂದ ಹೇಳಿಯೂ ಕಳಿಸಲಿಲ್ಲ, ಕೇಳಿಯೂ ಕಳಿಸಲಿಲ್ಲ. ಕೊನೆಗೆ ಅಲ್ಲಿನ ಮಂಡಿಗೆ ಟೊಮೇಟೊ ಹಾಕಲು ಹೋಗಿದ್ದ ಗುರುಮಲ್ಲಯ್ಯ ಸುದ್ದಿ ತಂದ. ಕೂತ್ಕೋ ಅಂದರೂ ಕೂರಲಿಲ್ಲ. ಸೂಪರಿಂಟೆಂಡೆಂಟರ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತು ವರದಿ ಒಪ್ಪಿಸಿದ.

“ಅವ್ರು ಬ್ಯಾರೆ ಕಡೆ ಎಣ್ಣು ನೋಡ್ತಾವ್ರಂತೆ ಸಾರ್. ‘ಅದು ಸಂಬಂದ ಮಾಡೋ ಮನೆ ತರ ಇರ್ನಿಲ್ಲ, ಸಾವಿನ ಮನೆ ತರ ಇತ್ತು. ನಾವು ಉಪ್ಪಿಲ್ಲ ಅಂದ್ರೆ ಉಪ್ಪು ತಂದು ಬಡಿಸ್ಬುಟ್ಟ ಕಣಯ್ಯಾ ಆ ಮನ್ಸ! ನಮ್ಮುನ್ನ ಬೀಗ್ರು ಅಂತ ಲೆಕ್ಕಕ್ಕೇ ಇಡ್ನಿಲ್ಲ. ಇಷ್ಟ ಇಲ್ದಿದ್ರೆ ಬಾಯ್ಬುಟ್ಟು ಹೇಳ್ಬೋದಿತ್ತು’ ಅಂದ್ರು ಸಾರ್.”

“ಅಯ್ಯೋ, ನಾನು ಮರ್ಯಾದೆ ಕೊಟ್ಟೆನಲ್ಲಯ್ಯಾ!”

“ಅದ್ನೇ ಅವ್ರೂ ಅಂತಾವ್ರೆ ಸಾರ್. ಬರೀ ಮರ್ವಾದಿ ಕೊಟ್ಟು ಕಳಿಸ್ಬುಟ್ರು ಅಂತ.”

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಶಾಂತಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಗಂಡನಿಗೆ ಎದುರು ಮಾತಾಡಿದ್ದು ಕಡಿಮೆ. ಅದನ್ನೆಲ್ಲ ಕೂಡಿಟ್ಟು ಈಗ ಒಟ್ಟಿಗೆ ತೆಗೆದರು.

“ದಾರೀಲಿ ಓಗೋರ್ನ ಯಾರಾದ್ರೂ ರೇಗುಸ್ತಾರೇನ್ರೀ? ನಮ್ಮೋರು ಅಂತ ಇದ್ರೆ ತಾನೆ ರೇಗ್ಸದು? ನನ್ ತಮ್ಮ ಬಾವಾ ಅನ್ನದ್ ಬುಟ್ಟು ಎಷ್ಟು ದಿನ ಆಯ್ತು, ಗ್ಯಾನ ಐತಾ ನಿಮ್ಗೆ? ಮೂಗಮ್ಮ ಬಾಗ್ಲಲ್ಲಿ ಮಾತಾಡದ್ ಬುಟ್ಳು. ನಿಮ್ ಮರ್ವಾದಿಗೆ ಎದರ್ಕಂಡು ನಮ್ಮನೆಗೆ ಕಾಗೆನೂ ಕೂಗಕ್ಕಿಲ್ಲ. ಈಗ ಮಗಿನ ಬಾಳಿಗೂ ತಂದಿಟ್ರಿ. ಅಲ್ಲಿಂದ ಸುದ್ದಿ ಬರ್ನಿಲ್ಲ ಅಂತ ಅವ್ಳು ನೆನ್ನೆಯಿಂದ ಒಂದು ತುತ್ತು ಉಂಡಿಲ್ಲ, ಓಗಿ ನೋಡಿ!”

ಶಂಭುಲಿಂಗಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. ನೀಲಾವತಿ ಗೋಡೆಗೆ ಮುಖ ಮಾಡಿ ಅವರೆಕಾಯಿ ಸುಲಿಯುತ್ತಿದ್ದಳು. ಹೊರಗೆ ಹರವೆ ಬಸ್ಸು ಹೋಯಿತು. ಅವಳು ತಲೆ ಎತ್ತಲಿಲ್ಲ.

ಶಂಭುಲಿಂಗಪ್ಪನವರು ನೇರ ಮುನಾವರ್ ಅಂಗಡಿಗೆ ಹೋದರು. ಮುನಾವರ್ ಪೂರ್ತಿ ಕೇಳಿ, ಹೊಲಿಗೆ ಮಿಷನ್ನು ನಿಲ್ಲಿಸಿ, ತಲೆ ಚಚ್ಚಿಕೊಂಡ.

“ಅರೆ ಶಂಬಣ್ಣಾ! ನನ್ನ ಶಾದೀಲಿ ಹೆಂಡ್ತಿ ಮೈಮುನಾಳ ತಂಗೀರು ನನ್ನ ಚಪ್ಪಲಿ ಬಚ್ಚಿಟ್ರು. ದುಡ್ಡು ಕೊಡೋ ತನಕ ಕೊಡ್ಲಿಲ್ಲ. ಯಾರೂ ಚಪ್ಪಲಿ ಮುಟ್ಟದೆ ಇದ್ದಿದ್ರೆ ನಾನು ಏನು ಅನ್ಕೋತಿದ್ದೆ ಹೇಳು? ಇವರಿಗೆ ನಾನು ಅಳಿಯ ಅಲ್ಲ, ಬಾಡಿಗೆ ಟ್ಯಾಕ್ಸಿಯವನು ಅಂತ! ಹೋಗಣ್ಣ, ಹೋಗಿ ಅವರನ್ನ ಚೆನ್ನಾಗಿ ರೇಗಿಸಿ ಬಾ.”

“ಏನಂತ ರೇಗಿಸಲಿ?”

“ಅದನ್ನೂ ನಾನೇ ಹೊಲಿದು ಕೊಡ್ಲಾ?”

ಸಲಹೆ ಒಳ್ಳೆಯದೇ. ಎಲ್ಲಿ, ಯಾವಾಗ, ಹೇಗೆ ಅಂತ ಮಾತ್ರ ಮುನಾವರ್ ಹೇಳಲಿಲ್ಲ, ಶಂಭುಲಿಂಗಪ್ಪನವರು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದರು. ತೆರಕಣಾಂಬಿಯವರೆಗೂ ತುಟಿ ಅಲ್ಲಾಡಿಸುತ್ತಾ ಅಭ್ಯಾಸ ಮಾಡಿದರು. ಪಕ್ಕದಲ್ಲಿದ್ದ ಮುದುಕ ಇವರು ಮಂತ್ರ ಹೇಳುತ್ತಿದ್ದಾರೆ ಅಂತ ಭಾವಿಸಿ ಕಾಲು ಮಡಚಿ ಕೂತ.

ಅವರು ಮಂಡಿ ಮುಟ್ಟಿದಾಗ ವ್ಯಾಪಾರ ಬಿರುಸಾಗಿ ನಡೆಯುತ್ತಿತ್ತು. ಕೇರಳದ ಲಾರಿಗಳು ಸಾಲಾಗಿ ನಿಂತಿದ್ದವು. ಹಮಾಲಿಗಳು ಮೂಟೆ ಹೊರುತ್ತಿದ್ದರು. ಕರಿಬಸವಯ್ಯನವರು ಇಬ್ಬರು ಮಲಯಾಳಿ ಖರೀದಿದಾರರ ಜೊತೆ ಬೆಲೆ ಕುದುರಿಸುತ್ತಿದ್ದರು. ಹಿಂದೆ ತೂಕದ ಹತ್ತಿರ ಮಲ್ಲಾಜಮ್ಮ ಕೂತು ಒಳ್ಳೆ ಈರುಳ್ಳಿ, ಕೊಳೆತ ಈರುಳ್ಳಿ ಬೇರೆ ಮಾಡಿಸುತ್ತಿದ್ದರು. ಶಂಭುಲಿಂಗಪ್ಪನವರು ನೇರ ಹೋಗಿ, ಎದೆ ಸೆಟೆಸಿ, ಸಭೆಯಲ್ಲಿ ಮಾತಾಡುವವರ ಗಟ್ಟಿ ದನಿಯಲ್ಲಿ ಶುರುಮಾಡಿದರು:

“ಮಾನ್ಯ ಬೀಗರೇ, ತಮ್ಮ ಮೀಸೆಯು ಕಪ್ಪಗಿದ್ದು, ತಲೆಯು ಬೆಳ್ಳಗಿರುವುದನ್ನು ಗಮನಿಸಲಾಗಿದೆ. ಮೀಸೆಗೆ ಮಸಿ ಬಳಿಯುತ್ತೀರೆಂದು ನಮ್ಮ ಕಡೆಯ ಅಭಿಪ್ರಾಯ.”

ಮೂಟೆ ಹೊತ್ತವನು ಹೊತ್ತಂತೆಯೇ ನಿಂತ. ಮಲಯಾಳಿ ಖರೀದಿದಾರರಲ್ಲೊಬ್ಬ ಬಗ್ಗಿ ಕರಿಬಸವಯ್ಯನವರ ಮೀಸೆಯನ್ನು ಈರುಳ್ಳಿಯನ್ನು ಪರೀಕ್ಷಿಸುವಂತೆ ಪರೀಕ್ಷಿಸಿ, “ಡೈ ಆಣೋ ಚೇಟ್ಟಾ?” ಅಂತ, ಬಣ್ಣವೇನಣ್ಣಾ ಅನ್ನುವುದನ್ನು ತನ್ನ ಭಾಷೆಯಲ್ಲಿ ಕೇಳಿದ. ಹಮಾಲಿಗಳು ಕಿಸಕ್ಕೆಂದರು. ಕರಿಬಸವಯ್ಯನವರ ಮುಖ ಕೆಂಪೇರಿತು.

“ನನ್ ಅಂಗ್ಡೀಲಿ ನಿಂತ್ಕಂಡು ನನ್ ಮೀಸೆ ಇಚಾರ ಎತ್ತಾಕೆ ಯಾರ್ರೀ ನೀವು?”

“ಬೀಗ!”

“ಬೀಗ ಆಗಾಕೆ ಇನ್ನೂ ಮದ್ವೆ ದಿನ ಇಟ್ಟಿಲ್ಲ!”

“ದಿನ ಇಡಿ ಅಂತಲೇ ರೇಗಿಸುತ್ತಿದ್ದೇನೆ!”

“ಬೀಗ ಆಗ್ದೆ ಅದೆಂಗ್ರೀ ರೇಗುಸ್ತೀರಿ?”

“ರೇಗಿಸದೆ ನೀವು ಬೀಗರಾಗುತ್ತಿಲ್ಲವಲ್ಲ!”

ಇಬ್ಬರೂ ಬಾಯಿ ತೆರೆದುಕೊಂಡು ನಿಂತರು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. “ಓಗ್ರೀ, ಓಗಿ ನಿಮ್ಮೂರ್ಗೆ” ಅಂತ ಕರಿಬಸವಯ್ಯನವರು ಬೆನ್ನು ತಿರುಗಿಸಿದರು. ಆಗ ಶಂಭುಲಿಂಗಪ್ಪನವರ ಎದೆಯ ಸೆಟೆತ ಇಳಿಯಿತು. ಭಾಷಣದ ಕನ್ನಡ ಎಲ್ಲಿ ಹೋಯಿತೋ, ಬಾಯಿಗೆ ಅವ್ವ ಆಡುತ್ತಿದ್ದ ಮಾತು ಬಂತು.

“ತೆಪ್ಪಾಯ್ತು ಕಣ್ರಪ್ಪಾ. ನಂಗೆ ಬರಕ್ಕಿಲ್ಲ. ಅವತ್ತು ನಿಮ್ಗೆ ಬೇಜಾರಾದಾತು ಅಂತ ಎದರ್ಕಂಡು ಎಲ್ರ ಬಾಯೂ ಕಟ್ಬುಟ್ಟೆ. ನನ್ ಮಗ್ಳು ಅನ್ನ ಬುಟ್ಟವ್ಳೆ. ಅವ್ಳದ್ದೇನೂ ತೆಪ್ಪಿಲ್ಲ. ನನ್ನ ಏನಾದ್ರೂ ಅನ್ನಿ, ಅವಳ್ನ ಬ್ಯಾಡ ಅನ್ಬ್ಯಾಡಿ.”

ಮಲ್ಲಾಜಮ್ಮ ಕೈಲಿದ್ದ ಈರುಳ್ಳಿ ಕೆಳಗಿಟ್ಟು, ಮೊಣಕಾಲ ಮೇಲೆ ಕೈ ಊರಿ ಎದ್ದುಬಂದರು. ಶಂಭುಲಿಂಗಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನಾದ್ರೂ ಅನ್ನಿ ಅಂದ್ರಲ್ವಾ?” ಅಂದವರೇ ದನಿ ಎತ್ತಿದರು:

ಜಿಲ್ಲೆಯ ಊರಿಂದ ಬಂದಾನೆ ನಮ್ ಬೀಗ
ನಗಿ ಅಂದ್ರೆ ಅರ್ಜಿ ಕೊಡಿ ಎಂದ, ಇವನೀಗೆ
ಅಳುವಾಕೂ ಬೇಕು ಅಪ್ಪಣೆ

ಹಮಾಲಿಗಳು ಮೂಟೆ ಇಳಿಸಿ ಚಪ್ಪಾಳೆ ತಟ್ಟಿದರು. ಮಲ್ಲಾಜಮ್ಮ ಬಿಡಲಿಲ್ಲ. ಹಾಡಿನಲ್ಲೇ ಶಂಭುಲಿಂಗಪ್ಪನವರ ಬೋಳು ತಲೆಯ ಮೇಲೆ ಹಪ್ಪಳ ಒಣಗಿಸಿದರು, ಹೊಟ್ಟೆಯನ್ನು ರಾಗಿ ಕಣಜ ಮಾಡಿದರು, ನಡಿಗೆಯನ್ನು ಗಬ್ಬದ ಎಮ್ಮೆಗೆ ಹೋಲಿಸಿದರು. ವೀಳ್ಯಶಾಸ್ತ್ರದ ದಿನ ಗಂಟಲಲ್ಲೇ ಉಳಿದಿದ್ದದ್ದೆಲ್ಲ ಬಡ್ಡಿ ಸಮೇತ ಹೊರಬಂತು. ನಿಲ್ಲಿಸಿದಾಗ ಎಲ್ಲರೂ ಶಂಭುಲಿಂಗಪ್ಪನವರ ಕಡೆ ತಿರುಗಿದರು. ಈಗ ಹೆಣ್ಣಿನ ಕಡೆಯವರ ಸರದಿ. ಹೆಣ್ಣಿನ ಕಡೆಯವರು ಅಂದರೆ ಅಲ್ಲಿ ಅವರೊಬ್ಬರೇ.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮುಗಿದಿತ್ತು. ಈರುಳ್ಳಿ ಘಾಟಿಗೋ ಇನ್ನೇತಕ್ಕೋ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಶಂಭುಲಿಂಗಪ್ಪನವರು ಹುಟ್ಟಿದಾಗಿನಿಂದ ಎಲ್ಲೂ ಹಾಡಿದವರಲ್ಲ. ಕಣ್ಣೊರೆಸಿಕೊಂಡು, ಗಂಟಲು ಕೆರೆದುಕೊಂಡು, ತೂತು ಬಿದ್ದ ತಮಟೆಯಂಥ ದನಿಯಲ್ಲಿ ಎಳೆದರು:

ಈರುಳ್ಳಿ ಮಂಡೀಲಿ ಕುಂತಾಳೆ ಬೀಗಿತಿ
ಸುಲಿದಷ್ಟೂ ಸಿಪ್ಪೆ ಇವಳೀಗೆ, ನಮ್ ಬೀಗ
ಸುಲೀತಾ ಸುಲೀತಾ ಅಳುತಾನೆ

ಮೊದಲು ನಕ್ಕವರು ಕರಿಬಸವಯ್ಯನವರು. ಮೀಸೆ ಅದುರುವಂತೆ, ಹೊಟ್ಟೆ ಹಿಡಿದುಕೊಂಡು, “ನಿಜ ಕಣಪ್ಪಾ! ಮೂವತ್ತು ವರ್ಸದಿಂದ ಸುಲೀತಾನೇ ಇವ್ನಿ!” ಅಂತ ನಕ್ಕರು. ಮಲ್ಲಾಜಮ್ಮ ಕೈಗೆ ಸಿಕ್ಕ ಕೊಳೆತ ಈರುಳ್ಳಿಯನ್ನು ಗಂಡನ ಮೇಲೆ ಎಸೆದರು. ಹಳ್ಳಿ ಹಾಡು ಅರ್ಥವಾಗದ ಮಲಯಾಳಿ ಖರೀದಿದಾರನೂ ನಕ್ಕು, ನಕ್ಕ ಮೇಲೆ ಏನೆಂದು ವಿಚಾರಿಸಿದ. ಟೀ ಬಂತು. ಟೀ ಕುಡಿಯುತ್ತಾ ಮದುವೆಗೆ ದಿನ ಗೊತ್ತುಮಾಡಿದರು. ಬಸ್ ಹತ್ತಿಸಲು ಬಂದ ಕರಿಬಸವಯ್ಯನವರು ಕಂಡಕ್ಟರಿಗೆ, “ನಮ್ ಬೀಗ್ರು, ಜೋಪಾನ. ನಗು ಬಂದ್ರೆ ಮುಂದಿನ ಸ್ಟಾಪಲ್ಲಿ ಇಳುಸ್ಬುಡು” ಅಂದರು.

ಮನೆ ಬಾಗಿಲಲ್ಲಿ ನೀಲಾವತಿ ನಿಂತಿದ್ದಳು. ತಾಯಿ, ಗುರುಮಲ್ಲಯ್ಯ ಹಿಂದೆ. ಕೇಳುವ ಧೈರ್ಯ ಯಾರಿಗೂ ಇಲ್ಲ. ನೀಲಾವತಿಯೇ ಕೇಳಿದಳು.

“ಏನಂದ್ರು ಅಪ್ಪಾಜಿ?”

“ನನ್ ತಲೆ ಮ್ಯಾಲೆ ಹಪ್ಪಳ ಒಣಗಾಕ್ಬೋದು ಅಂದ್ರು ಕಣಮ್ಮಿ.”

ನೀಲಾವತಿ ಕಣ್ಣರಳಿಸಿದಳು. “ಆಮೇಲೆ?”

“ನನ್ ಹೊಟ್ಟೆ ರಾಗಿ ಕಣಜ ಅಂದ್ರು. ಗಬ್ಬದ ಎಮ್ಮೆ ಅಂದ್ರು.”

“ಅವ್ವಾ!” ನೀಲಾವತಿ ಚೀರಿದಳು. “ಅಪ್ಪಾಜೀನ ಎಮ್ಮೆ ಅಂದ್ರಂತೆ ಕಣವ್ವಾ! ಎಮ್ಮೆ ಅಂದ್ರಂತೆ!” ಶಾಂತಮಲ್ಲಮ್ಮ ಎರಡೂ ಕೈಯಿಂದ ಗಲ್ಲಗಲ್ಲ ಬಡಿದುಕೊಂಡು ದೇವರಿಗೆ ಕೈಮುಗಿದರು. ಗುರುಮಲ್ಲಯ್ಯ ಮೂಗಮ್ಮನನ್ನು ಕರೆಯಲು ಬೀದಿಗೆ ಓಡಿದ.

ತಂದೆಯನ್ನು ಎಮ್ಮೆ ಅಂದದ್ದಕ್ಕೆ ಇಷ್ಟು ಹಿಗ್ಗುವ ಮಗಳು ಯಾವ ಸೀಮೆಯಲ್ಲಿದ್ದಾಳೆ! ನೀಲಾವತಿ ನಗುತ್ತಿದ್ದಳು. ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಶಂಭುಲಿಂಗಪ್ಪನವರು ನೋಡುತ್ತಾ ನಿಂತರು. ಮದುವೆಯಾದ ಮೇಲೆ ಈ ನಗು ಗುಂಡ್ಲುಪೇಟೆಯ ಪಾಲು ಅನ್ನುವುದು ಅವರಿಗೆ ಆಗ ಹೊಳೆಯಿತು.

“ಆಮೇಲೆ ಅಪ್ಪಾಜಿ? ಇನ್ನೇನಂದ್ರು?”

ಮಲ್ಲಾಜಮ್ಮ ಅಂದಿದ್ದೆಲ್ಲ ಮುಗಿದುಹೋಗಿತ್ತು. ಶಂಭುಲಿಂಗಪ್ಪನವರು ಮಗಳ ಪಕ್ಕದಲ್ಲಿ ಹೊಸಿಲ ಮೇಲೆ ಕೂತರು.

“ಇನ್ನೂ ಬೇಕಾದಷ್ಟು ಅಂದ್ರು ಕೂಸೇ, ಕೇಳು,” ಅಂದರು. “ನನ್ ಮೂಗು ಬದನೇಕಾಯಿ ಅಂದ್ರು...” ಯಾರೂ ಅನ್ನದಿದ್ದ ಒಂದೊಂದೇ ಮಾತನ್ನು ತಾವೇ ಕಟ್ಟುತ್ತಾ, ಅವಳು ನಗುತ್ತಿರುವಷ್ಟು ಹೊತ್ತೂ ಹೇಳುತ್ತಲೇ ಹೋದರು.